ಹುಟ್ಟಿದ್ದೋ, ಕೊಂಡದ್ದೋ

ಸ್ಪಿರಿಟ್ಟಿನಲ್ಲಿ ಶಾಯಿ ನಿಲ್ಲುವುದಿಲ್ಲ,
ಅದಕ್ಕೇ ಚೀಟಿಯ ಮೇಲೆ ಪೆನ್ಸಿಲ್ಲಿನಲ್ಲೇ ಬರೆಯಬೇಕು:
ಊರು, ಒಡೆಯರ ಹೆಸರು, ಕರುವಿನ ವಯಸ್ಸು,
ಕೊನೆಗೊಂದು ಸಣ್ಣ ಕಾಲಂ,
ಹುಟ್ಟಿದ್ದೋ, ಕೊಂಡದ್ದೋ.

ಹಿಪ್ಪರಗಿ ಬ್ಯಾರೇಜಿನ ಹಿನ್ನೀರಿಗೆ ತಾಗಿದ ದೊಡ್ಡಿಯಲ್ಲಿ
ನೀಲವ್ವ ಜಂಬಗಿ ಸಗಣಿಗೆ ಬೆರಳು ಚಾಚಿ ಬೈದಳು:
"ಮೂರೂ ಹೊತ್ತು ಜ್ವಾಳದ ರೊಟ್ಟಿ ತಿನ್ನೂ ಮನಿ ನಮ್ದು,
ಈ ಖೋಡಿ ಕರಾ ಅಕ್ಕಿ ಹಾಕತೈತಲ್ರಿ,
ಯಾರ ಮದಿವ್ಯಾಗ ಉಂಡು ಬಂದೈತೋ!"

ನಕ್ಕೆವು, ನಾನೂ ದಸ್ತಗೀರನೂ.
ಅಕ್ಕಿಯಲ್ಲ ಅದು, ಲಾಡಿಹುಳುವಿನ ತುಂಡು.
ಪೈಜಾಮದಿಂದ ಜಾರಿದ ಲಾಡಿಯ ಹಾಗೆ
ಹೊಟ್ಟೆಯೊಳಗೆ ಮೂರು ಮಾರು ಉದ್ದ.
ಬಾಯಿಲ್ಲ, ಕರುಳಿಲ್ಲ;
ಇನ್ನೊಬ್ಬರ ಕರುಳೇ ಮನೆಯಾದ ಮೇಲೆ ತನ್ನದೇಕೆ?
ಕಣ್ಣಿ ಕಣ್ಣಿಯಲ್ಲೂ ತಾನೇ ಗಂಡ, ತಾನೇ ಹೆಂಡತಿ,
ಬಸಿರು ಮಾತ್ರ ಎಡಕ್ಕೊಂದು, ಬಲಕ್ಕೊಂದು.
ಮೊಟ್ಟೆ ಮಣ್ಣಿಗೆ,
ಮಣ್ಣಿನಿಂದ ಎಳ್ಳಿಗಿಂತ ಸಣ್ಣ ನುಸಿಯ ಹೊಟ್ಟೆಗೆ,
ನುಸಿ ಹಸಿ ಹುಲ್ಲಿನ ತುದಿಗೆ,
ಹುಲ್ಲು ಇನ್ನೊಂದು ಕರುವಿನ ನಾಲಿಗೆಗೆ.

ಮದ್ದು ಕುಡಿಸಿದೆವು. ಮರುದಿನ ಬಿತ್ತು.
ತೊಳೆದು ಬಾಟಲಿಗೆ ಇಳಿಸಿದೆ: ನಲವತ್ಮೂರು.
"ಹುಟ್ಟಿದ್ದೋ, ಕೊಂಡದ್ದೋ?"
"ಹುಟ್ಟಿದ್ದರಿ," ಅಂದಳು. ಒಂದು ಗಳಿಗೆ ತಡೆದು,
"ನಮ್ಮ ಕೆಂಚಿ ಹೊಟ್ಟೀಲೆ."

ಭೂತಗನ್ನಡಿಯಲ್ಲಿ ಎಲ್ಲ ಹುಳುವೂ ಒಂದೇ ತಾಯ ಮಕ್ಕಳು.
ಬಾಗಲಕೋಟೆಯ ಎರಡು ಕೋಣೆಯ ಲ್ಯಾಬಿನಲ್ಲಿ
ಚಿಟಿಕೆಯಷ್ಟು ಅರೆದು, ಕಾಸಿ, ಆರಿಸಿ, ಮತ್ತೆ ಕಾಸಿ,
ಕರೆಂಟು ಹೋದಾಗಲೆಲ್ಲ ದಸ್ತಗೀರ ಕಂಬವನ್ನೇ ಬೈದು,
ಕಡೆಗೆ ನಾಲ್ಕೇ ಅಕ್ಷರದ ಬರಹ ಕೈಗೆ ಬಂದಾಗ ತಿಳಿಯಿತು,
ಇವೂ ನಮ್ಮ ಹಾಗೇ.
ಕೃಷ್ಣೆಯ ಈ ದಂಡೆಗೆ 'ಐತಿ' ಅಂದದ್ದು
ಆ ದಂಡೆ ಹತ್ತಿದರೆ 'ಅದ' ಆಗುವ ಹಾಗೆ
ಒಂದಕ್ಷರ ಇಲ್ಲಿ ಜಾರಿ, ಒಂದಕ್ಷರ ಅಲ್ಲಿ ಕೂಡಿ
ಅರವತ್ತೊಂದು ಹುಳು, ಹತ್ತೊಂಬತ್ತು ನುಡಿ.

ನಲವತ್ಮೂರು ಮಾತ್ರ
ಊರಿನ ಹುಳುಗಳ ಜೊತೆ ಮಾತು ಕೂಡಲಿಲ್ಲ,
ಹದಿನೇಳು ಅಕ್ಷರ ದೂರ ನಿಂತಿತ್ತು.
ಅದರ ಬಳಗ ಸಿಕ್ಕಿದ್ದು ಇಂಡಿ ತಾಲೂಕಿನಲ್ಲಿ,
ಭೀಮೆಯ ದಂಡೆಯ ಮಂದೆಗಳಲ್ಲಿ.
ಹುಳು ನಡೆದು ಬರುವುದಿಲ್ಲ, ಕಾಲಿರುವುದು ಕರುವಿಗೆ.
ಅಷ್ಟು ದೂರಕ್ಕೆ ಕರುವಿಗೂ ಟೆಂಪೋ ಬೇಕು.

ಮತ್ತೆ ಹೋದೆ. ತಪ್ಪು ಹಿಡಿಯುವುದಕ್ಕಲ್ಲ,
ಕಾಲಂ ಸರಿಮಾಡುವುದಕ್ಕೆ ಎಂದು
ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡೆ.
ಕಿಟಕಿಯಾಚೆ ಹಿನ್ನೀರಿನ ಹಸಿರು.
ಆಗಲೇ ಎಷ್ಟು ಮೊಟ್ಟೆ ಬಿದ್ದಿದ್ದವೋ ಆ ಮಣ್ಣಿಗೆ;
ಬರುವ ವರ್ಷ ಇಲ್ಲಿಯ ಹುಲ್ಲೂ ಭೀಮೆಯ ಮಾತು ಕಲಿಯುತ್ತದೆ.

ನೀಲವ್ವ ಹಿಂಡುತ್ತಿದ್ದಳು.
ಕರು ಮುಂದೆ ಕಟ್ಟಿತ್ತು, ಕೆಂಚಿ ಕಣ್ಣು ಅರೆಮುಚ್ಚಿ
ಅದರ ಬೆನ್ನು ನೆಕ್ಕುತ್ತಿತ್ತು.
ನಾನು ಹೇಳಿದ್ದೆಲ್ಲವನ್ನೂ, ಅಕ್ಷರ, ಭೀಮೆ, ಹದಿನೇಳು,
ಕೇಳಿಸಿಕೊಂಡು, ಚೊಂಬಿನ ನೊರೆ ಊದಿ, ದನಿ ತಗ್ಗಿಸಿದಳು:
"ಇಕಿ ಕರಾ ಸತ್ತಾಗ ಮೂರು ದಿನಾ ತೊರಿ ಬಿಡಲಿಲ್ರಿ.
ಹೋರ್ತಿ ಸಂತ್ಯಾಗ ಇದನ್ನ ತಂದ್ವಿ.
ಸತ್ತದರ ತೊಗಲು ಹೊಚ್ಚಿ, ಉಪ್ಪು ಸವರಿ,
ಕತ್ತಲಾಗ ಮುಂದ ಬಿಟ್ವಿ."

ನೆಕ್ಕಿತಂತೆ. ಮೊದಲು ಉಪ್ಪನ್ನು.
ಆಮೇಲೆ, ಉಪ್ಪು ತೀರಿದ ಮೇಲೂ.

"ಬರಕೋರಿ, ಕೊಂಡದ್ದಂತನ ಬರಕೋರಿ,
ಸರಕಾರದ ಕಾಗದಕ್ಕ ಸುಳ್ಳ್ಯಾಕ?
ಆದ್ರ ಇಲ್ಲಿ ಓದಬ್ಯಾಡ್ರಿ,
ಆಕಿ ಕೇಳತಾಳ."

ಲ್ಯಾಬಿಗೆ ಬಂದು ಚೀಟಿ ಹೊರತೆಗೆದು ಒಣಗಿಸಿ
ರಬ್ಬರಿನಿಂದ ಉಜ್ಜಿದೆ.
ಕಪ್ಪು ಹೋಯಿತು, ಗೀರು ಹೋಗಲಿಲ್ಲ.
ಅಷ್ಟು ಒತ್ತಿ ಬರೆದಿದ್ದೆನೇ ನಾನು?
ಕೊಂಡದ್ದು ಎಂಬುದರ ಕೆಳಗೆ
ಹುಟ್ಟಿದ್ದು ಈಗಲೂ ಬೆರಳಿಗೆ ಸಿಗುತ್ತದೆ.